ಹೊಸ ಪ್ಯಾಂಟನ್ನು ಹಳೆಯದು ಮಾಡುವ ಕಸುಬು

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಆರು ಯಂತ್ರ ಇಟ್ಟುಕೊಂಡು ಜೀನ್ಸ್ ಹೊಲಿಸುತ್ತೇನೆ. ಹೊಲಿದು ಮುಗಿದ ಪ್ಯಾಂಟು ಕಡುನೀಲಿ, ಹಲಗೆಯಷ್ಟು ಗಟ್ಟಿ. ಅದನ್ನು ಹಾಗೆಯೇ ಅಂಗಡಿಗೆ ಒಯ್ದರೆ ಕೈಯಲ್ಲಿ ಮುಟ್ಟುವವರಿಲ್ಲ. ತೊಡೆ ಬಿಳಿಚಿರಬೇಕು, ಮಂಡಿ ಸವೆದಿರಬೇಕು. ಹತ್ತು ವರ್ಷ ಕೂಲಿ ಮಾಡಿದವನ ಪ್ಯಾಂಟಿನಂತೆ ಕಂಡರೆ ಮಾತ್ರ ಅದು ಹೊಸ ಫ್ಯಾಷನ್. ಈ ಹಳೆಯದು ಮಾಡುವ ಕೆಲಸಕ್ಕೇ ವಾಶಿಂಗ್ ಘಟಕಗಳಿರುವುದು.

ವಾಶ್ ದರ ಏರಿತೆಂದು ಜಗಳ ತೆಗೆಯಲು ಹೋದವನು ಒಮ್ಮೆ ಅಲ್ಲಿಯೇ ಒಂದು ಇಡೀ ದಿನ ಕುಳಿತೆ. ಯಂತ್ರಕ್ಕೆ ಎಂಬತ್ತು ಪ್ಯಾಂಟು, ಪ್ರತಿ ಸಲ ಸುಮಾರು 600 ಲೀಟರ್ ನೀರು. ನೂಲಿಗೆ ಹಾಕಿದ ಗಂಜಿ ತೆಗೆಯಲು ಒಂದು ನೀರು, ಜಾಲಿಸಲು ಇನ್ನೊಂದು. ಬಟ್ಟೆ ಸವೆಸುವ ಪ್ಯೂಮಿಸ್ ಕಲ್ಲು ಮತ್ತು ಎಂಜೈಮಿಗೆ ಬೇರೆ, ಬ್ಲೀಚಿಗೆ ಬೇರೆ, ಬ್ಲೀಚಿನ ಸೊಕ್ಕು ಇಳಿಸಲು ಮತ್ತೊಂದು. ಕೊನೆಗೆ ಮೆದುಗೊಳಿಸುವ ದ್ರಾವಣ. ನಡುನಡುವೆ ಜಾಲಿಸಿದ್ದೂ ಸೇರಿ ನಾನು ಎಣಿಸಿದ್ದು ಎಂಟು ನೀರು. ಭಾಗಿಸಿದರೆ ಪ್ಯಾಂಟಿಗೆ 60 ಲೀಟರ್. ಮನೆಯಲ್ಲಿ ಕೊಡ ಹಿಡಿದು ನಲ್ಲಿಯ ದಾರಿ ಕಾಯುವ ಹೆಂಡತಿಗೆ ಈ ಲೆಕ್ಕ ಹೇಳಿ ಬೈಸಿಕೊಂಡೆ.

ಬಣ್ಣ ಇಷ್ಟು ಸುಲಭವಾಗಿ ಬಿಡುವುದೇಕೆ ಎಂದು ಅಲ್ಲಿನ ಹಿರಿಯ ಕೆಲಸಗಾರ ಒಂದು ನೂಲು ಬಿಚ್ಚಿ ತೋರಿಸಿದ. ಮೇಲೆ ನೀಲಿ, ಒಳಗೆ ಬಿಳಿ. ಈ ನೀಲಿ ಬಣ್ಣ ನೀರಿನಲ್ಲಿ ಕರಗದು. ಹೈಡ್ರೋ ಮತ್ತು ಕಾಸ್ಟಿಕ್ ಎಂಬ ರಸಾಯನ ಸೇರಿಸಿ ಕರಗಿಸಿ, ನೂಲನ್ನು ಅದ್ದಿ, ಗಾಳಿಗೆ ಹಿಡಿದರೆ ಮತ್ತೆ ನೀಲಿಯಾಗಿ ಮೇಲ್ಪದರಕ್ಕಷ್ಟೇ ಅಂಟುತ್ತದೆ. ಅಹಮದಾಬಾದಿನ ಗಿರಣಿ ಅಷ್ಟು ರಸಾಯನ ಸುರಿದು ಕೂರಿಸಿದ ಬಣ್ಣವನ್ನು ನಾವು ಇನ್ನಷ್ಟು ರಸಾಯನ ಸುರಿದು ಕಿತ್ತು ಚರಂಡಿಗೆ ಬಿಡುತ್ತೇವೆ. ಇದಕ್ಕಿಂತ ಹುಚ್ಚು ಕೆಲಸವನ್ನು ನಾನು ಬೇರೆ ಕಸುಬಿನಲ್ಲಿ ಕಂಡಿಲ್ಲ.

ಆದರೂ ಎಲ್ಲ ಪಾಪವನ್ನೂ ವಾಶಿಂಗ್‌ನವರ ತಲೆಗೆ ಕಟ್ಟುವಂತಿಲ್ಲ. ಲಿವೈಸ್ ಕಂಪನಿ 2015ರಲ್ಲಿ ತನ್ನ 501 ಪ್ಯಾಂಟಿನ ಹುಟ್ಟಿನಿಂದ ಸಾವಿನವರೆಗಿನ ಲೆಕ್ಕ ಪ್ರಕಟಿಸಿತ್ತು: ಒಟ್ಟು 3,781 ಲೀಟರ್ ನೀರು. ಅದರಲ್ಲಿ ಶೇ 68 ಹತ್ತಿ ಬೆಳೆಯಲು, ಶೇ 23 ಕೊಂಡವರು ಮನೆಯಲ್ಲಿ ಒಗೆಯಲು. ದೇವದುರ್ಗದ ಕಡೆ ಎರೆಹೊಲದಲ್ಲಿ ಹತ್ತಿ ಹಾಕುವ ನನ್ನ ಭಾವನಿಗೆ ಇದನ್ನು ಓದಿ ಹೇಳಿದರೆ ನಕ್ಕುಬಿಟ್ಟ. “ನಮ್ಮದು ಆಕಾಶದ ನೀರು. ನೀನು ಎಣಿಸುವುದಾದರೆ ಗುಲಾಬಿ ಕಾಯಿಕೊರಕಕ್ಕೆ ಹೊಡೆಯುವ ಔಷಧಿಯ ಡಬ್ಬಿ ಎಣಿಸು.” ಮಾತು ಸರಿಯೇ. ಖುಷ್ಕಿ ಹತ್ತಿಗೂ ನೀರಾವರಿ ಹತ್ತಿಗೂ ಒಂದೇ ತಕ್ಕಡಿ ಹಿಡಿಯಲಾಗದು.

ಹತ್ತಿ ನನ್ನ ಕೈಯಲ್ಲಿಲ್ಲ, ವಾಶ್ ಇತ್ತು. ಹಾಗಾಗಿ ಐವತ್ತು ಪ್ಯಾಂಟನ್ನು ಒಂದು ಹನಿ ನೀರೂ ತಾಗಿಸದೆ ಪರಿಚಯದವರಿಗೆ ಮಾರಿದೆ. ಅದು ನನ್ನ ದಡ್ಡತನ. ಮೊದಲ ಒಗೆತಕ್ಕೇ ಸೊಂಟ ಬಿಗಿಯಾಯಿತು, ಕಾಲು ಗಿಡ್ಡವಾಯಿತು, ಒಬ್ಬರ ಬಿಳಿ ಬನಿಯನ್ ನೀಲಿಯಾಯಿತು. ಹದಿನೇಳು ಪ್ಯಾಂಟು ವಾಪಸ್ಸು ಬಂದವು. ಎರಡನೆಯ ಸಲ ಗಂಜಿ ತೆಗೆಸಿ, ಒಮ್ಮೆ ಜಾಲಿಸಿ, ಮೆದುಗೊಳಿಸಿ ಒಣಗಿಸಿದೆ. ಮೂರೇ ನೀರು, ಪ್ಯಾಂಟಿಗೆ 22 ಲೀಟರಿನಷ್ಟು. ಬಣ್ಣ ಕಡುನೀಲಿಯೇ ಉಳಿಯಿತು, ಅಳತೆ ನಿಂತಿತು. ಹುಡುಗರು ಕೊಳ್ಳುವುದಿಲ್ಲ, ಗ್ಯಾರೇಜಿನವರು, ಲಾರಿ ಚಾಲಕರು ಕೇಳಿಕೊಂಡು ಬರುತ್ತಾರೆ. ನನ್ನ ಮಾಲಿನಲ್ಲಿ ಈಗ ಕಾಲು ಭಾಗ ಇದೇ. ಉಳಿದ ಮುಕ್ಕಾಲು ಇನ್ನೂ ಎಂಟು ನೀರಿನದೇ, ಸುಳ್ಳೇಕೆ ಹೇಳಲಿ.

ಚಿಂದಿಯ ಕಥೆ ಬೇರೆ. ನೂರು ಪ್ಯಾಂಟು ಕತ್ತರಿಸಿದರೆ ನನ್ನಲ್ಲಿ ಎಂಟು ಕಿಲೋ ಚಿಂದಿ ಬೀಳುತ್ತಿತ್ತು, ಅದು ಒಲೆಗೆ ಹೋಗುತ್ತಿತ್ತು. ಈಗ ಒಂದೊಂದು ತಾನಿನ ದಾರವನ್ನು ಬೆಂಕಿಗೆ ಹಿಡಿದು ನೋಡುತ್ತೇನೆ. ಬರೀ ಹತ್ತಿಯಾದರೆ ಕಾಗದದಂತೆ ಉರಿದು ಬೂದಿ. ಪಾಲಿಯೆಸ್ಟರ್ ಬೆರೆತಿದ್ದರೆ ತುದಿಯಲ್ಲಿ ಗಟ್ಟಿ ಮಣಿ. ಹತ್ತಿಯದ್ದನ್ನು ಅಮ್ಮ ಮತ್ತು ಓಣಿಯ ಹೆಂಗಸರು ಕೌದಿಗೆ ಒಯ್ಯುತ್ತಾರೆ. ಮೊದಲ ಕೌದಿಗೆ ನಾಲ್ಕು ಸೂಜಿ ಮುರಿದವು. ಒದ್ದೆಯಾದಾಗ ಅದನ್ನು ಎತ್ತಲು ಇಬ್ಬರು ಬೇಕಾಯಿತು, ಬಳ್ಳಾರಿಯ ಬಿಸಿಲಿನಲ್ಲಿಯೂ ಎರಡು ದಿನ ಒಣಗಲಿಲ್ಲ. ಈಗ ಮೇಲ್ಪದರ ಮಾತ್ರ ಜೀನ್ಸ್, ಒಳಗೆ ಹಳೆಯ ಸೀರೆ. ಮಣಿ ಕಟ್ಟುವ ಚಿಂದಿಗೆ ಮಾತ್ರ ಇನ್ನೂ ದಾರಿ ಕಂಡಿಲ್ಲ. ಮೂರು ಚೀಲ ಮಾಳಿಗೆಯ ಮೇಲೆ ಕೂತಿವೆ.

ಮೊನ್ನೆ ಒಬ್ಬ ಲಾರಿ ಚಾಲಕ ಮಂಡಿ ಹರಿದ ಪ್ಯಾಂಟು ತಂದಿದ್ದ, ಮೂರು ನೀರಿನ ಮೊದಲ ಮಾಲು. ತೊಡೆಯ ಮೇಲೆ ಬಣ್ಣ ತಾನಾಗಿಯೇ ಬಿಳಿಚಿತ್ತು. ಒಳಗಿನಿಂದ ತೇಪೆ ಕೊಟ್ಟು ಮೂವತ್ತು ರೂಪಾಯಿ ತೆಗೆದುಕೊಂಡೆ. ಪಕ್ಕದ ಅಂಗಡಿಯ ಹುಡುಗ ಅದನ್ನೇ ನೋಡುತ್ತ, “ಇದು ಯಾವ ವಾಶ್?” ಎಂದು ಕೇಳಿದ.