ಚಾನಲ್‌ಗೆ ನೀರು ಬಿಟ್ಟರೆ ನನ್ನ ಸುತ್ತಾಟ ಶುರು

ದಾವಣಗೆರೆಯವರಿಗೆ ಪ್ರಕೃತಿ ಅಂದರೆ ಬೇರೆ ಊರು. ಎರಡು ದಿನ ರಜೆ ಕೂಡಿ ಬಂದರೆ ಸಾಕು, ಬಾಡಿಗೆ ಕಾರು ಮಾಡಿಕೊಂಡು ಜೋಗಕ್ಕೋ ಆಗುಂಬೆಗೋ ಕೆಮ್ಮಣ್ಣುಗುಂಡಿಗೋ ಹೊರಟುಬಿಡುತ್ತಾರೆ. ಊರಲ್ಲಿ ಉಳಿದವರು ಮಾಲ್‌ಗೆ ಹೋಗುತ್ತಾರೆ. ನಾಲ್ಕು ಲಕ್ಷಕ್ಕೂ ಮೀರಿ ಜನ ಇರುವ ಊರು, ಧೂಳು, ಬಿಸಿಲು, ಲಾರಿ. ಇಲ್ಲಿ ನೋಡೋಕೆ ಏನಿದೆ ಅಂತ ಕೇಳುವವರನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ನಾನು ನಿಟ್ಟುವಳ್ಳಿಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಬಾಡಿಗೆ ಕಾರಿನ ದುಡ್ಡೂ ಇಲ್ಲ, ಎರಡು ದಿನದ ರಜೆಯೂ ಇಲ್ಲ. ನನಗೆ ಸಿಗುವುದು ಬೆಳಗ್ಗೆ ಆರರಿಂದ ಎಂಟರವರೆಗಿನ ಹೊತ್ತು, ಅದೂ ವಾರಕ್ಕೆ ಒಂದೋ ಎರಡೋ ಸಲ. ಅಷ್ಟರಲ್ಲಿ ಏನು ಮಾಡಬಹುದು ಅಂತ ಹುಡುಕುತ್ತಾ ಹೋಗಿ, ಕೆಲವು ವರ್ಷದಲ್ಲಿ ನನ್ನದೇ ಒಂದು ಪಂಚಾಂಗ ಮಾಡಿಕೊಂಡಿದ್ದೇನೆ.

ಆ ಪಂಚಾಂಗದ ಮೊದಲ ಪುಟ ಪೇಪರ್‌ನಲ್ಲಿ ಬರುವ ಭದ್ರಾ ಡ್ಯಾಂ ಮಟ್ಟ. ಲಕ್ಕವಳ್ಳಿಯಲ್ಲಿರುವ ಈ ಡ್ಯಾಂ ತುಂಬಿದರೆ 186 ಅಡಿ. ನಮ್ಮ ಕಡೆ ರೈತರ ಮನೆಯಲ್ಲಿ ಮಳೆಗಾಲ ಬಂತೆಂದರೆ ದಿನಾ ಇದೇ ಮಾತು. ನಾನು ರೈತಳಲ್ಲ, ಆದರೂ ನೋಡುತ್ತೇನೆ. ಯಾಕೆಂದರೆ ಇಲ್ಲಿ ಹಕ್ಕಿಗಳು ಬರುವುದು ಹೋಗುವುದು ಊರಿನ ಮಳೆಯನ್ನು ನಂಬಿ ಅಲ್ಲ, ಆ ಡ್ಯಾಂನಿಂದ ಬರುವ ಚಾನಲ್, ಅಂದರೆ ಕಾಲುವೆ ನಂಬಿ. ನಮ್ಮದು ಮಲೆನಾಡಿನ ಮಗ್ಗುಲಲ್ಲೇ ಇದ್ದರೂ ಮಳೆ ಕಮ್ಮಿಯಿರುವ ಸೀಮೆ. ಚಾನಲ್‌ಗೆ ನೀರು ಬಿಟ್ಟ ಒಂದೆರಡು ವಾರದಲ್ಲಿ ಊರಾಚೆಯ ಹೊಲಗದ್ದೆಯ ಬಣ್ಣವೇ ಬದಲಾಗುತ್ತದೆ. ಸಾಮಾನ್ಯವಾಗಿ ಮಳೆಗಾಲದ ಬೆಳೆಗೆ ಜುಲೈ–ಆಗಸ್ಟ್ ಹೊತ್ತಿಗೆ ಒಮ್ಮೆ, ಬೇಸಿಗೆ ಬೆಳೆಗೆ ಜನವರಿ ಹೊತ್ತಿಗೆ ಇನ್ನೊಮ್ಮೆ ಬಿಡುತ್ತಾರೆ. ಅಂದರೆ ಮಲೆನಾಡಿನವರಿಗೆ ವರ್ಷಕ್ಕೊಂದು ಮಳೆಗಾಲ, ನಮಗೆ ಎರಡು.

ನಾನು ಹೋಗುವುದು ಶಾಮನೂರು ದಾಟಿ ಗದ್ದೆ ಬಯಲಿನ ಕಡೆ. ಸ್ಕೂಟಿಯನ್ನು ಯಾವುದಾದರೂ ಮನೆ ಮುಂದೆ ಕೇಳಿ ನಿಲ್ಲಿಸಿ, ಬಂಡಿದಾರಿಯಲ್ಲಿ ನಡೆಯುತ್ತೇನೆ. ನಾಟಿಗೆ ಮುಂಚೆ ಕೇಜ್‌ವೀಲ್ ಅನ್ನುವ ಕಬ್ಬಿಣದ ಚಕ್ರ ಹಾಕಿದ ಟ್ರ್ಯಾಕ್ಟರ್ ಗದ್ದೆಯನ್ನು ಕೆಸರು ಮಾಡುವ ನಾಲ್ಕೈದು ದಿನ ಇದೆಯಲ್ಲ, ಅದನ್ನು ಬಿಡಲೇಬಾರದು. ಟ್ರ್ಯಾಕ್ಟರ್ ಹಿಂದೆ ಗೋವಕ್ಕಿ, ಬೆಳ್ಳಕ್ಕಿ, ಕೊಳದ ಬಕ ಸಾಲುಗಟ್ಟಿ ನಡೆಯುತ್ತವೆ. ಚಕ್ರ ಮಣ್ಣು ಮಗುಚಿದ ಕೂಡಲೇ ಮೇಲೆ ಬರುವ ಹುಳ, ಕಪ್ಪೆ, ಏಡಿಮರಿಗೆ ಅವುಗಳ ಜಗಳ. ಮೇಲಿಂದ ಹದ್ದು ಇಳಿದು ಒಂದೇ ಏಟಿಗೆ ಎತ್ತಿಕೊಂಡು ಹೋಗುತ್ತದೆ. ಡ್ರೈವರ್‌ಗೆ ಇದ್ಯಾವುದೂ ಲೆಕ್ಕಕ್ಕಿಲ್ಲ, ಮೊಬೈಲ್‌ನಲ್ಲಿ ಜೋರಾಗಿ ಹಾಡು ಹಾಕಿಕೊಂಡಿರುತ್ತಾನೆ. ಹಕ್ಕಿಗಳಿಗೂ ಹಾಡಿನ ಭಯವಿಲ್ಲ. ನಾನು ಬದುವಿನ ಮೇಲೆ ಹತ್ತು ಹೆಜ್ಜೆ ಹಾಕಿದರೆ ಮಾತ್ರ ಎಲ್ಲವೂ ಒಟ್ಟಿಗೆ ಎದ್ದು ಹಾರುತ್ತವೆ! ಅದಕ್ಕೇ ಈಗ ಬದುವಿಗೆ ಇಳಿಯುವುದನ್ನೇ ಬಿಟ್ಟು ದಾರಿಯಲ್ಲೇ ಒಂದು ಕಡೆ ಕೂರುತ್ತೇನೆ. ಕಾಲು ಗಂಟೆಯಾದ ಮೇಲೆ ನಾನೂ ಒಂದು ಬದುವೇ ಆಗುತ್ತೇನೆ.

ನಾಟಿಯಾಗಿ ನೀರು ನಿಂತ ಮೇಲೆ ಬೇರೆಯವರ ಸರದಿ. ಕೆಂಪು ಕಡ್ಡಿಕಾಲಿನ ಮೆಟ್ಟುಗಾಲು ಹಕ್ಕಿ, ಕೊಕ್ಕು ಮುಚ್ಚಿದರೂ ನಡುವೆ ಸಂದಿ ಉಳಿಯುವ ಬಾಯ್ಕಳಕ, ಬಾಗಿದ ಕೊಕ್ಕಿನ ಕೆಂಬರಲು. ಬಾಯ್ಕಳಕ ಗದ್ದೆಯ ಬಸವನಹುಳುವನ್ನು ಹುಡುಕಿ, ಚಿಪ್ಪಿನೊಳಗಿಂದ ತಿರುಳು ಮಾತ್ರ ಎಳೆದು ತಿಂದು ಚಿಪ್ಪು ಎಸೆದು ಹೋಗುತ್ತದೆ. ಬದುವಿನ ಮೇಲೆ ಖಾಲಿ ಚಿಪ್ಪು ಬಿದ್ದಿದ್ದರೆ ನನ್ನ ಮಗಳು ಆರಿಸಿ ಜೇಬಿಗೆ ಹಾಕುತ್ತಾಳೆ. ಅವಳ ಯೂನಿಫಾರಂ ಒಗೆಯುವಾಗ ನನಗೆ ಗೊತ್ತಾಗುವುದು.

ಒಮ್ಮೆ ಗದ್ದೆ ಅಜ್ಜರೊಬ್ಬರು ಹತ್ತಿರ ಬಂದು, "ಸೈಟ್ ನೋಡಾಕ ಬಂದೀಯೇನವ್ವ?" ಅಂದರು. "ಇಲ್ಲಜ್ಜಾ, ಬೆಳ್ಳಕ್ಕಿ ನೋಡಾಕ," ಅಂದೆ. "ಹೌದಾ, ಹಂಗಾರ ಕುಂದ್ರು. ಸೈಟ್ ಅಂದ್ರ ಎಬ್ಬಿಸ್ತಿದ್ದೆ," ಅಂದು ಹೋದರು. ಅವರು ತಮಾಷೆ ಮಾಡಿದ್ದಲ್ಲ. ನಾನು ಮೊದಲು ಹೋಗುತ್ತಿದ್ದ ಒಂದು ಬಯಲಿನಲ್ಲಿ ಈಗ ಕೆಂಪು ಮಣ್ಣಿನ ರಸ್ತೆ, ಸುಣ್ಣ ಬಳಿದ ಕಲ್ಲು, ಲೇಔಟಿನ ಕಮಾನು ಎದ್ದಿವೆ. ಹಕ್ಕಿ ನೋಡುವವರು ಬೇಗ ಬೇಗ ಜಾಗ ಬದಲಿಸಬೇಕಾದ ಊರಿದು.

ಬಂಡಿದಾರಿಯ ಕೊನೆಗೆ ಒಂದು ಹಳೇ ಬಾವಿ, ಅದರ ಮೇಲೆ ಬಾಗಿದ ಈಚಲು ಮರ. ಮಳೆಗಾಲದಲ್ಲಿ ನನ್ನ ಅರ್ಧ ಹೊತ್ತು ಇಲ್ಲೇ ಕಳೆಯುತ್ತದೆ, ಗೀಜಗ ನೋಡುತ್ತಾ. ಗಂಡು ಹಕ್ಕಿ ಹುಲ್ಲಿನ ಗರಿಯ ಅಂಚನ್ನು ಕೊಕ್ಕಿನಲ್ಲಿ ಕಚ್ಚಿ, ಹಾರುತ್ತಲೇ ಉದ್ದಕ್ಕೆ ಸೀಳುತ್ತದೆ. ನಾನು ಸೆಲ್ವೆಜ್‌ನಿಂದ, ಅಂದರೆ ಬಟ್ಟೆಯ ನೇಯ್ದ ಅಂಚಿನಿಂದ, ಬಟ್ಟೆ ಹರಿಯುವ ಹಾಗೆಯೇ. ಆ ಸೀಳನ್ನು ತಂದು ಗಂಟು ಹಾಕಿ, ತೂರಿಸಿ, ಎಳೆದು ಮೊದಲು ಒಂದು ಬಳೆ, ಆಮೇಲೆ ಅದಕ್ಕೊಂದು ಬುರುಡೆ. ಗೂಡು ಟೊಪ್ಪಿಯಷ್ಟಾದಾಗ ಕೆಲಸ ನಿಲ್ಲಿಸಿ ರೆಕ್ಕೆ ಬಡಿದು ಕೂಗುತ್ತದೆ. ಹೆಣ್ಣು ಬಂದು ಒಳಗೆ ಹೊಕ್ಕು ನೋಡಬೇಕು. ಒಪ್ಪಿದರೆ ಮಾತ್ರ ಮುಂದಿನ ಕೆಲಸ, ಮೊಟ್ಟೆಯಿಡುವ ಕೋಣೆ, ಕೆಳಗಿಳಿಯುವ ಕೊಳವೆ. ಒಪ್ಪದಿದ್ದರೆ ಆ ಅರ್ಧ ಗೂಡು ಹಾಗೇ ತೂಗುತ್ತಿರುತ್ತದೆ, ಗಂಡು ಇನ್ನೊಂದಕ್ಕೆ ಕೈ ಹಾಕುತ್ತದೆ. ಬಿದ್ದ ಗೂಡೊಂದನ್ನು ಬಿಚ್ಚಿ ನೋಡಿದಾಗ ಒಳಗೋಡೆಗೆ ಮಣ್ಣಿನ ಮುದ್ದೆ ಮೆತ್ತಿದ್ದು ಕಂಡಿತು. ಹೊಲಿಗೆಯ ವಿಷಯದಲ್ಲಿ ನನಗೆ ಸ್ವಲ್ಪ ಹಮ್ಮು ಇದೆ, ಆದರೂ ಆ ಗಂಟುಗಳಲ್ಲಿ ಒಂದನ್ನು ಬಿಡಿಸುವುದಕ್ಕೂ ನನಗೆ ಸೂಜಿ ಬೇಕಾಯಿತು.

ಚಾನಲ್ ಬಗ್ಗೆ ಒಂದು ಮಾತು ಜೋರಾಗಿಯೇ ಹೇಳಬೇಕು. ನೋಡಲು ಶಾಂತ, ಒಳಗೆ ಸೆಳೆತ ಜಾಸ್ತಿ. ಸಿಮೆಂಟ್ ಹಾಕಿದ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ, ಕಾಲು ಜಾರಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋದರೆ ಕೈ ಬಿಡಬೇಡಿ, ಕಾಲು ತೊಳೆಯಲೂ ಇಳಿಸಬೇಡಿ. ನೀರು ಯಾವಾಗ ಬರುತ್ತದೆ, ಯಾವ ತೂಬು ಯಾವಾಗ ತೆಗೆಯುತ್ತಾರೆ ಅನ್ನುವುದನ್ನು ಗದ್ದೆಗೆ ನೀರು ಹಾಯಿಸುವ ಸೌಡಿಗಳನ್ನು ಕೇಳಿದರೆ ಹೇಳುತ್ತಾರೆ.

ಚಾನಲ್ ನಿಂತಾಗ ನಾನು ಕುಂದುವಾಡ ಕೆರೆಗೆ ಬದಲಾಗುತ್ತೇನೆ. ಭದ್ರಾ ನೀರು ತುಂಬಿಸಿಕೊಂಡು ಊರಿಗೆ ಕುಡಿಯಲು ಕೊಡುವ ಕೆರೆ ಇದು. ಗದ್ದೆ ಒಣಗಿದಾಗ ಇಲ್ಲಿ ನೀರು ಇರುತ್ತದೆ, ಆದ್ದರಿಂದ ಹಕ್ಕಿಯೂ ಇರುತ್ತದೆ. 2023ರ ಬರದಲ್ಲಿ ನೀರಿಗಾಗಿ ರೈತರು ಬೀದಿಗಿಳಿದಿದ್ದರಲ್ಲ, ಅದರ ಮುಂದಿನ ಬೇಸಿಗೆಯಲ್ಲಿ ನಾನು ಹೋಗುವ ಬಯಲಿನ ಎಷ್ಟೋ ಗದ್ದೆ ಬೀಳು ಬಿದ್ದಿತ್ತು. ಆಗೆಲ್ಲ ನನ್ನ ಬೆಳಗು ಈ ಏರಿಯ ಮೇಲೇ. ಪಕ್ಕದ ಗಾಜಿನ ಮನೆಗೆ ಟಿಕೆಟ್ ಇದೆ. ಏರಿಗೆ ಬಂದು ನಡೆದರೆ ಯಾರೂ ಕಾಸು ಕೇಳುವುದಿಲ್ಲ.

ಏರಿಗೆ ಕಲ್ಲು ಕಟ್ಟಿ, ನಡೆಯುವ ದಾರಿ ಮಾಡಿದ ಮೇಲೆ ವಾಕಿಂಗ್‌ನವರಿಗೆ ಅನುಕೂಲವಾಗಿದೆ, ನಿಜ. ಮಂಡಿನೋವಿನ ನನ್ನ ಅತ್ತೆಯೂ ಈಗ ಬರುತ್ತಾರೆ. ಆದರೆ ಕಲ್ಲಿನ ಅಂಚಿನಲ್ಲಿ ಕೆಸರಿಲ್ಲ, ಕೆಸರಿಲ್ಲದ ಕಡೆ ಕೆಸರು ಕೆದಕುವ ಹಕ್ಕಿಗೆ ಕೆಲಸವಿಲ್ಲ. ಹಾಗಾಗಿ ಜನ ಓಡಾಡುವ ಕಡೆ ಬಿಟ್ಟು, ಜೊಂಡು ಉಳಿದಿರುವ ಮೂಲೆ ಹುಡುಕಿ. ಸೂರ್ಯ ನಿಮ್ಮ ಬೆನ್ನಿಗಿರಲಿ, ಇಲ್ಲದಿದ್ದರೆ ಎಲ್ಲಾ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತವೆ. ಹಣೆಯ ಮೇಲೆ ಬಿಳಿ ಪಟ್ಟಿಯ ನಾಮದ ಕೋಳಿ, ನೀಲಿ ಮೈಯ ಜಂಬುಕೋಳಿ, ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ನೀರುಕಾಗೆ ಇವೆಲ್ಲ ಬರಿಗಣ್ಣಿಗೆ ಸಿಗುವವು. ಗುಳುಮುಳುಕ ಮುಳುಗಿದ ಜಾಗದಲ್ಲಿ ಏಳುವುದಿಲ್ಲ. ಎಲ್ಲಿ ಏಳುತ್ತದೆ ಅಂತ ಮಗಳೂ ಅತ್ತೆಯೂ ಪಂದ್ಯ ಕಟ್ಟುತ್ತಾರೆ. ಅತ್ತೆಯೇ ಹೆಚ್ಚು ಗೆಲ್ಲುತ್ತಾರೆ, ಹೇಗೆ ಅಂತ ಹೇಳುವುದಿಲ್ಲ.

ಬಾತಿ ಗುಡ್ಡಕ್ಕೂ ಹೋಗುತ್ತೇನೆ, ಆದರೆ ಒಬ್ಬಳೇ ಅಲ್ಲ. ಹೆಣ್ಣುಮಕ್ಕಳು ಈ ಥರ ತಿರುಗಾಡುವುದರ ಬಗ್ಗೆ ಯಾರೂ ಬರೆಯದ ಕೆಲವು ವಿಷಯ ಬರೆಯುತ್ತೇನೆ. ಹೊರಡುವ ಮುಂಚೆ ಯಾವ ಕಡೆ ಹೋಗುತ್ತೇನೆಂದು ಒಬ್ಬರಿಗಾದರೂ ಹೇಳಿ. ಜನ ಹೊಲಕ್ಕೆ ಹೋಗುವ ಹೊತ್ತಿಗೇ ಹೋಗಿ, ನಾಟಿಗೆ ಬಂದ ಹೆಂಗಸರಿದ್ದ ಕಡೆಯಷ್ಟು ಧೈರ್ಯ ಇನ್ನೆಲ್ಲೂ ಇಲ್ಲ. ಅವರು ಬುತ್ತಿ ಬಿಚ್ಚುವ ಹೊತ್ತಿಗೆ ಅಲ್ಲಿದ್ದರೆ ರೊಟ್ಟಿ ತಿನ್ನದೆ ಬಿಡುವುದಿಲ್ಲ. ಬೀದಿನಾಯಿಗೆ ಒಂದು ಕೋಲು ಇರಲಿ, ಹೊಡೆಯಲು ಅಲ್ಲ, ನೆಲಕ್ಕೆ ಬಡಿಯಲು. ಶೌಚಾಲಯ ಎಲ್ಲೂ ಸಿಗುವುದಿಲ್ಲ ಅಂತಲೇ ತಿಳಿದು ಎರಡು ತಾಸಿನೊಳಗೆ ಮುಗಿಸಿ. ಏಪ್ರಿಲ್–ಮೇ ತಿಂಗಳಲ್ಲಿ ಎಂಟಾದರೆ ಬಿಸಿಲು ಸುಡುತ್ತದೆ, ಅದಕ್ಕೂ ಈ ಲೆಕ್ಕ ಸರಿಹೊಂದುತ್ತದೆ. ದುರ್ಬೀನು ಬೇಕಾಗಿಲ್ಲ. ನಾನು ಒಂದು ನೋಟ್‌ಬುಕ್ಕಿನಲ್ಲಿ ಕಂಡದ್ದನ್ನು ಬರೆಯುತ್ತೇನೆ. ಹೆಸರು ಗೊತ್ತಿಲ್ಲದಿದ್ದರೆ "ಕಂದು, ಬಾಲ ಕುಣಿಸುತ್ತೆ, ಕೆಸರಲ್ಲಿ" ಅಂತ. ಕೂಗಿನಿಂದ ಹೆಸರು ಹೇಳುವ ಮರ್ಲಿನ್ ಆ್ಯಪ್ ಪುಕ್ಕಟೆ ಸಿಗುತ್ತದೆ, ಚೆನ್ನಾಗಿದೆ, ಆದರೆ ಅದನ್ನೇ ನೋಡುತ್ತಾ ಕೂತರೆ ಹಕ್ಕಿ ಹಾರಿ ಹೋಗಿರುತ್ತದೆ.

ಪೂರ್ತಿ ಪುಕ್ಕಟೆ ಅಂತ ಹೇಳಿ ಸುಳ್ಳಾಡಬಾರದು. ವಾಪಸ್ ಬರುವ ದಾರಿಯಲ್ಲಿ ಬೆಣ್ಣೆ ದೋಸೆ ವಾಸನೆ ಬಂದರೆ ಲೆಕ್ಕ ತಪ್ಪುತ್ತದೆ.

ಹೊರಗೆ ಹೋಗಲಾಗದ ವಾರಗಳೂ ಇವೆ. ದೀಪಾವಳಿ, ಮದುವೆ ಸೀಸನ್‌ನಲ್ಲಿ ಮಿಷನ್ ಬಿಟ್ಟು ಏಳುವ ಹಾಗಿಲ್ಲ. ಆಗ ತಾರಸಿಯೇ ನನ್ನ ಬಯಲು. ಚಳಿಗಾಲದ ರಾತ್ರಿ ಎಂಟಕ್ಕೆ ಪೂರ್ವದ ಕಡೆ ನೋಡಿದರೆ ಸಾಲಾಗಿ ಮೂರು ಚುಕ್ಕಿ ಸುಲಭವಾಗಿ ಸಿಗುತ್ತವೆ. ಅದರ ಎಡಕ್ಕೆ ಕೆಂಪಾಗಿ ಹೊಳೆಯುವುದು ಆರಿದ್ರ, ಮಗಳ ಪುಸ್ತಕದಲ್ಲಿ ಬೀಟಲ್‌ಜೂಸ್. ಆ ಮೂರು ಚುಕ್ಕಿಯ ಗೆರೆ ಹಿಡಿದು ಮೇಲಕ್ಕೆ ಹೋದರೆ ರೋಹಿಣಿ. "ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ" ಅನ್ನುವ ಅತ್ತೆಗೆ ಮಳೆ ಗೊತ್ತಿತ್ತು, ಚುಕ್ಕಿ ಯಾವುದೆಂದು ಗೊತ್ತಿರಲಿಲ್ಲ. ಮಗಳಿಗೆ ಚುಕ್ಕಿ ಗೊತ್ತಿತ್ತು, ಅದರ ಹೆಸರಿನ ಮಳೆಯಿದೆ ಅಂತ ಗೊತ್ತಿರಲಿಲ್ಲ. ಜೂನ್ ಕೊನೆಗೆ ಸೂರ್ಯ ಆರಿದ್ರದ ಕಡೆ ಬರುತ್ತಾನೆ, ಆಗ ಬೀಳುವುದು ಆರಿದ್ರ ಮಳೆ. ಸೂರ್ಯನ ಮಗ್ಗುಲಲ್ಲೇ ಇರುವುದರಿಂದ ಆ ದಿನಗಳಲ್ಲಿ ಆ ಚುಕ್ಕಿ ಮಾತ್ರ ಕಾಣುವುದಿಲ್ಲ. ಈ ವಿಷಯಕ್ಕೆ ಅಜ್ಜಿ–ಮೊಮ್ಮಗಳ ವಾದ ತಾರಸಿಯಲ್ಲಿ ಊಟದ ಹೊತ್ತಿನವರೆಗೂ ನಡೆದಿತ್ತು.

ಇನ್ನೊಂದು ತಾರಸಿಯ ಆಟ ನೆರಳಿನದ್ದು. ನಮ್ಮ ಊರಿನ ನೆತ್ತಿಯ ಮೇಲೆ ಸೂರ್ಯ ಸರಿಯಾಗಿ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ನಡುವಿಗೆ ಇನ್ನೊಮ್ಮೆ. ಆಗಸ್ಟಿನದ್ದು ಬಹಳ ಸಲ ಮೋಡದಲ್ಲಿ ಹೋಗುತ್ತದೆ, ಏಪ್ರಿಲ್ 29ರ ಆಸುಪಾಸು ನಂಬಬಹುದು. ಅವತ್ತು ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕಲ್ಲ, ಸುಮಾರು 12 ಗಂಟೆ 24 ನಿಮಿಷಕ್ಕೆ ನೋಡಬೇಕು. ನಮ್ಮ ಗಡಿಯಾರ ನಡೆಯುವುದು ನಮಗಿಂತ ಪೂರ್ವದ ರೇಖೆಯ ಲೆಕ್ಕದಲ್ಲಿ, ಸೂರ್ಯ ನಮ್ಮ ನೆತ್ತಿಗೆ ಬರುವುದು ಅಷ್ಟು ತಡವಾಗಿ. ಸಮನಾದ ಕಟ್ಟೆಯ ಮೇಲೆ, ಬಾಯಿ ಅಗಲವಿಲ್ಲದ ನೇರವಾದ ಸ್ಟೀಲ್ ಲೋಟ ನೋಡಿ ನಿಲ್ಲಿಸಿ. ನಾವು ದಾರದ ರೀಲನ್ನೇ ನಿಲ್ಲಿಸುತ್ತೇವೆ. ಪಕ್ಕದಲ್ಲಿದ್ದ ನೆರಳು ಸಣ್ಣಗಾಗುತ್ತಾ ಬಂದು ರೀಲಿನ ಬುಡಕ್ಕೆ ಸೇರಿ ಇಲ್ಲವಾಗುತ್ತದೆ. ಓಣಿಯ ಹುಡುಗರು ತಮ್ಮ ನೆರಳು ಎಲ್ಲಿ ಹೋಯಿತು ಅಂತ ಕುಣಿಯುತ್ತಾರೆ. ಬರಿಗಾಲಲ್ಲಿ ತಾರಸಿ ಹತ್ತಬೇಡಿ, ಚಪ್ಪಲಿ ಇರಲಿ.

ಫೆಬ್ರವರಿಯಲ್ಲಿ ಜಗತ್ತಿನ ಎಲ್ಲಾ ಕಡೆ ನಾಲ್ಕು ದಿನ ಹಕ್ಕಿ ಎಣಿಸುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. ಫೀಸಿಲ್ಲ. ಇದ್ದ ಜಾಗದಲ್ಲೇ ಕನಿಷ್ಠ ಹದಿನೈದು ನಿಮಿಷ ನೋಡಿ, ಯಾವ ಹಕ್ಕಿ ಎಷ್ಟು ಅಂತ ಇ–ಬರ್ಡ್ ಅನ್ನುವ ಜಾಲತಾಣದಲ್ಲಿ ತುಂಬಿದರೆ ಆಯಿತು. ಆ ಹೊತ್ತಿಗೆ ನಮ್ಮಲ್ಲಿ ಬೇಸಿಗೆ ಬೆಳೆಯ ನೀರು ಗದ್ದೆಯಲ್ಲಿ ನಿಂತಿರುತ್ತದೆ, ಚಳಿಗಾಲಕ್ಕೆ ಬಂದ ಹಕ್ಕಿಗಳೂ ಇನ್ನೂ ಹೊರಟಿರುವುದಿಲ್ಲ, ಎಣಿಸಲು ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಈ ಸಲ ನಮ್ಮ ಓಣಿಯಿಂದ ಇನ್ನೂ ಮೂರು ಮನೆಯವರು ಬರುತ್ತೇವೆ ಅಂದಿದ್ದಾರೆ. ಹೆಸರು ಗೊತ್ತಿಲ್ಲದವರು ಎಣಿಸಲಿ, ಗೊತ್ತಿದ್ದವರು ಬರೆಯಲಿ ಅಂತ ಕೆಲಸ ಹಂಚಿದ್ದೇನೆ. ಎಣಿಸುವ ಕೆಲಸ ಅತ್ತೆಗೆ.