ಹಡಗಿನ ಟೂರ್ ಒಂದೂ ಕೊಳ್ಳದೆ ಬಾಲ್ಟಿಕ್ ಕ್ರೂಸ್: ನನ್ನ ಅನುಭವ

ಎಂಟು ಜನ ಸ್ನೇಹಿತರು, ನಾಲ್ಕು ಕ್ಯಾಬಿನ್, ಏಳು ರಾತ್ರಿ. ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಹತ್ತಿ, ಜರ್ಮನಿಯ ವಾರ್ನೆಮ್ಯುಂಡೆ, ಎಸ್ಟೋನಿಯಾದ ಟ್ಯಾಲಿನ್, ಫಿನ್‌ಲೆಂಡ್‌ನ ಹೆಲ್ಸಿಂಕಿ, ಸ್ವೀಡನ್‌ನ ಸ್ಟಾಕ್‌ಹೋಮ್ ಮುಗಿಸಿ ಮತ್ತೆ ಕೋಪನ್‌ಹೇಗನ್‌ನಲ್ಲೇ ಇಳಿದೆವು. ಬಂದರಿನ ಊರು ಸುತ್ತಿಸಲು ಹಡಗಿನವರು ಮಾರುವ ಟೂರ್ ಒಂದನ್ನೂ ಕೊಳ್ಳಲಿಲ್ಲ. ಕ್ರೂಸ್ ಮಾಡಿ ಬಂದ ಪರಿಚಯದವರೆಲ್ಲ ಹೆದರಿಸಿದ್ದು ಒಂದೇ ಮಾತಿನಲ್ಲಿ: ನೀವೇ ಸುತ್ತಾಡಿ ತಡವಾದರೆ ಹಡಗು ನಿಮ್ಮನ್ನು ಬಿಟ್ಟು ಹೋಗುತ್ತೆ. ಬಿಡಲಿಲ್ಲ. ನಾವು ಅತಿ ತಡವಾಗಿ ವಾಪಸಾದದ್ದು ಸ್ಟಾಕ್‌ಹೋಮ್‌ನಲ್ಲಿ, ಅಲ್ಲೂ ಎಲ್ಲರೂ ಹತ್ತಿರಬೇಕಾದ ಸಮಯಕ್ಕೆ 70 ನಿಮಿಷ ಬಾಕಿಯಿತ್ತು.

ವಿಧಾನ ಸರಳ. ಬೆಳಿಗ್ಗೆ ಮೊದಲ ಗುಂಪಿನಲ್ಲೇ ಇಳಿಯೋದು, ಪಟ್ಟಿಯಲ್ಲಿ ಅತಿ ದೂರದ ಜಾಗಕ್ಕೆ ನೇರ ಹೋಗೋದು, ಆಮೇಲೆ ದಿನವಿಡೀ ಹಡಗಿನ ಕಡೆಗೇ ಹಿಂದಕ್ಕೆ ನಡೆಯುತ್ತಾ ಬರೋದು. ಹೊತ್ತು ಮೀರಿದರೆ ಬಿಟ್ಟುಹೋಗುವುದು ಹತ್ತಿರದ ಸಣ್ಣಪುಟ್ಟ ಜಾಗ ಮಾತ್ರ. ಹೆಚ್ಚಿನವರು ಉಲ್ಟಾ ಮಾಡುತ್ತಾರೆ: ಬಂದರಿನ ಪಕ್ಕದಲ್ಲೇ ಫೋಟೊ ತೆಗೆಯುತ್ತಾ ಹನ್ನೊಂದು ಗಂಟೆ ಮಾಡಿಕೊಂಡು, ಮಧ್ಯಾಹ್ನ ದೂರಕ್ಕೆ ಹೋಗಿ, ಮೂರಕ್ಕೆ ಗಾಬರಿಯಾಗಿ ಟ್ಯಾಕ್ಸಿ ಹುಡುಕುತ್ತಾರೆ. ಇದರ ಜೊತೆಗೆ ಇನ್ನೊಂದು ಕಟ್ಟಳೆ: ವಾಪಸ್ ಬರುವಾಗ ಎರಡು ರೈಲು ತಪ್ಪಿದರೂ ಹಡಗು ಸಿಗುವಂತಿರಬೇಕು. ಮೂರನೇ ಕಟ್ಟಳೆ, ನಾಲ್ಕು ನಾಲ್ಕು ಜನರ ಎರಡು ತಂಡ. ಒಂದು ಟ್ಯಾಕ್ಸಿಗೆ ನಾಲ್ವರು ಸರಿಹೋಗುತ್ತಾರೆ, ಎಂಟು ಜನ ಒಟ್ಟಿಗೆ ಹೋದರೆ ಶೌಚಾಲಯದ ಮುಂದೆಯೇ ಅರ್ಧ ದಿನ ಕಳೆಯುತ್ತದೆ.

ಕ್ಯಾಬಿನ್ ವಿಷಯ. ನಾಲ್ಕೂ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್. ಜೂನ್‌ನಲ್ಲಿ ಹೆಲ್ಸಿಂಕಿ ಕಡೆ ಸೂರ್ಯ ಮುಳುಗುವುದು ರಾತ್ರಿ ಹತ್ತೂವರೆ ದಾಟಿದ ಮೇಲೆ, ಮತ್ತೆ ನಾಲ್ಕಕ್ಕೆಲ್ಲ ಬೆಳಕು. ಬಾಲ್ಕನಿಗೆ ಒಂದೂವರೆ ಪಟ್ಟು ದುಡ್ಡು ಕೊಟ್ಟವರು ಪರದೆ ಎಳೆದುಕೊಂಡು ನಿದ್ದೆಗೆ ಒದ್ದಾಡಿದರು, ನಾವು ಕತ್ತಲಲ್ಲಿ ಸುಖವಾಗಿ ಮಲಗಿದೆವು. ಕ್ಯಾಬಿನ್ ಆರಿಸುವಾಗ ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಅಂತಸ್ತು ನೋಡಿ. ಈಜುಕೊಳದ ಕೆಳಗೆ ಸಿಕ್ಕರೆ ಬೆಳಿಗ್ಗೆ ಐದಕ್ಕೇ ಕುರ್ಚಿ ಎಳೆಯುವ ಸದ್ದು ಶುರು. ದರ ಯಾವ ವಾರ ಇಳಿಯುತ್ತದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಮುಂದಿನ ವರ್ಷಕ್ಕೆ ನಮಗೇ ಬೇಕು.

ವೀಸಾ ಗೊತ್ತಿರುವ ಸಂಗತಿಯೇ, ಆದರೂ ಒಂದು ಮಾತು. ಐದೂ ದೇಶ ಷೆಂಗೆನ್, ಒಂದೇ ವೀಸಾ ಸಾಕು. ಯಾವ ದೇಶಕ್ಕೆ ಅರ್ಜಿ ಹಾಕಬೇಕು ಎಂಬಲ್ಲಿ ಗೊಂದಲವಾಗುತ್ತದೆ. ನಾವು ಹತ್ತುವ ಮುಂಚೆ ಎರಡು ರಾತ್ರಿ, ಇಳಿದ ಮೇಲೆ ಒಂದು ರಾತ್ರಿ ಕೋಪನ್‌ಹೇಗನ್‌ನಲ್ಲೇ ಹೋಟೆಲ್ ಹಿಡಿದೆವು. ಮೊದಲ ಪ್ರವೇಶವೂ ಡೆನ್ಮಾರ್ಕ್, ನೆಲದ ಮೇಲಿನ ರಾತ್ರಿಗಳೆಲ್ಲ ಡೆನ್ಮಾರ್ಕ್, ಪ್ರಶ್ನೆಯೇ ಬರಲಿಲ್ಲ. ಶುಲ್ಕ 90 ಯೂರೊ, ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದು, ವಿಮಾನ ಇಳಿಯುವ ದಿನದಿಂದ ಹೊರಡುವ ದಿನದವರೆಗೂ ಇರಬೇಕು. ಒಬ್ಬರ ವಿಮೆ ಒಂದು ದಿನ ಮೊದಲೇ ಮುಗಿಯುವಂತಿತ್ತು, ಹೊಸದಾಗಿ ಮಾಡಿಸಿ ಮತ್ತೆ ಕೊಡಬೇಕಾಯಿತು. ಹೊರಡುವ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು, ಬೇಸಿಗೆಗೆ ಸ್ಲಾಟ್ ಸಿಗುವುದು ಕಷ್ಟ, ತಡಮಾಡಬೇಡಿ.

ದುಡ್ಡಿನಲ್ಲಿ ಪೆಟ್ಟು ತಿಂದದ್ದು ಫಾರೆಕ್ಸ್ ಕಾರ್ಡ್‌ನಲ್ಲಿ, ಅಂದರೆ ವಿದೇಶಿ ಹಣ ಮುಂಚೆಯೇ ತುಂಬಿಸಿಕೊಳ್ಳುವ ಕಾರ್ಡ್‌ನಲ್ಲಿ. "ಯೂರೋಪ್ ತಾನೆ" ಅಂತ ಎಲ್ಲರೂ ಯೂರೊ ತುಂಬಿಸಿದೆವು. ಡೆನ್ಮಾರ್ಕ್‌ನದು ಡ್ಯಾನಿಶ್ ಕ್ರೋನ, ಸ್ವೀಡನ್‌ನದು ಸ್ವೀಡಿಷ್ ಕ್ರೋನ, ಎರಡೂ ಬೇರೆ ಬೇರೆ. ಯೂರೊ ಇರುವ ಕಾರ್ಡ್‌ನಿಂದ ಕ್ರೋನದಲ್ಲಿ ಕೊಟ್ಟಾಗಲೆಲ್ಲ ಮೂರು ಮೂರೂವರೆ ಪರ್ಸೆಂಟ್ ಕಡಿತ. ಆ ದುಡ್ಡು ಸುಮ್ಮನೆ ಹೋಯಿತು. ಯಂತ್ರ "ರೂಪಾಯಿಯಲ್ಲಿ ಕೊಡುತ್ತೀರಾ" ಎಂದು ಕೇಳಿದರೆ ಬೇಡ ಅನ್ನಿ, ಆ ಊರಿನ ದುಡ್ಡಿನಲ್ಲೇ ಕೊಡಿ. ಸ್ವೀಡನ್‌ನಲ್ಲಿ ನೋಟು ತೋರಿಸಿದರೆ ಎಷ್ಟೋ ಅಂಗಡಿಯವರು ಬೇಡ ಅಂತ ತಲೆಯಾಡಿಸುತ್ತಾರೆ, ಶೌಚಾಲಯಕ್ಕೂ ಕಾರ್ಡೇ.

ಈಗ ಬಂದರುಗಳು. ಕೋಪನ್‌ಹೇಗನ್‌ನಲ್ಲಿ ದೊಡ್ಡ ಹಡಗು ನಿಲ್ಲುವುದು ಊರಾಚೆ ಓಶನ್‌ಕೈಯಲ್ಲಿ. ಶಟಲ್ ಬಸ್ಸಿಗೆ ಹದಿನೈದು ಇಪ್ಪತ್ತು ಡಾಲರ್ ಕೇಳುತ್ತಾರೆ. ಒರಿಯೆಂಟ್‌ಕೈ ಮೆಟ್ರೊ ನಿಲ್ದಾಣ ನಡೆದುಹೋಗುವಷ್ಟೇ ದೂರ, ಟಿಕೆಟ್ ಮೂವತ್ತು ಕ್ರೋನದ ಆಸುಪಾಸು. ಕಾಲುವೆ ದೋಣಿ ಟೂರ್ ಬದಲು ಹಳದಿ ಬಣ್ಣದ ಬಂದರು ಬಸ್ಸು, ಅಂದರೆ ಸಾರ್ವಜನಿಕ ದೋಣಿ, ಹತ್ತಿ. ಮೆಟ್ರೊ ಟಿಕೆಟ್ಟೇ ನಡೆಯುತ್ತದೆ, ಬಣ್ಣದ ಮನೆಗಳ ಸಾಲಿನ ನ್ಯೂಹಾವ್ನ್ ಕಾಲುವೆ ಮುಂದೆಯೇ ಹಾದುಹೋಗುತ್ತದೆ. ಮತ್ಸ್ಯಕನ್ಯೆಯ ಪ್ರತಿಮೆ 1913ರದ್ದು, ಎತ್ತರ ಒಂದೂಕಾಲು ಮೀಟರ್ ಅಷ್ಟೆ, ಅದಕ್ಕಾಗಿ ದಾರಿ ಬದಲಿಸಬೇಡಿ. ರುಂಡೆಟೋರ್ನ್ ಎಂಬ ದುಂಡು ಗೋಪುರ ಹತ್ತಿ. ಮೇಲಿನ ಕೊನೆಯ ತುಂಡು ಬಿಟ್ಟರೆ ಮೆಟ್ಟಿಲಿಲ್ಲ, ಸುತ್ತಿಕೊಂಡು ಏರುವ ಇಳಿಜಾರು ದಾರಿ. ಮಂಡಿನೋವಿನವರೂ ಹತ್ತಿದರು.

ವಾರ್ನೆಮ್ಯುಂಡೆಯಲ್ಲಿ ನಮ್ಮ ತಂಡ ಒಡೆಯಿತು. ನಾಲ್ವರಿಗೆ ಬರ್ಲಿನ್ ಬೇಕೇ ಬೇಕು. ಹೋಗಲು ಹತ್ತಿರ ಮೂರು ಗಂಟೆ, ಬರಲು ಮೂರು ಗಂಟೆ, ಊರಲ್ಲಿ ಉಳಿದದ್ದು ನಾಲ್ಕೇ ಗಂಟೆ. ಬ್ರಾಂಡೆನ್‌ಬರ್ಗ್ ದ್ವಾರ ನೋಡಿದರು, ಮುಂಚೆ ಹೆಸರು ನೋಂದಾಯಿಸದ ಕಾರಣ ಸಂಸತ್ತಿನ ಗಾಜಿನ ಗುಮ್ಮಟಕ್ಕೆ ಹತ್ತಲಾಗಲಿಲ್ಲ. ನನ್ನ ಲೆಕ್ಕದಲ್ಲಿ ಇದು ನಷ್ಟದ ವ್ಯಾಪಾರ. ಉಳಿದ ನಾವು ಬಂದರಿನ ಎದುರಿನ ನಿಲ್ದಾಣದಿಂದಲೇ ಇಪ್ಪತ್ತು ನಿಮಿಷದ ಲೋಕಲ್ ರೈಲಿನಲ್ಲಿ ರೋಸ್ಟಾಕ್‌ಗೆ ಹೋದೆವು. ಅಲ್ಲಿನ ಮರಿಯನ್ ಚರ್ಚಿನಲ್ಲಿ 1472ರ ಖಗೋಳ ಗಡಿಯಾರವಿದೆ, ಇವತ್ತಿಗೂ ನಡೆಯುತ್ತಿದೆ. ಅದರ ಪಂಚಾಂಗದ ಫಲಕ 2150ರವರೆಗೆ ಬರೆದದ್ದು. ಮಧ್ಯಾಹ್ನ ಹನ್ನೆರಡಕ್ಕೆ ಮೇಲ್ಗಡೆ ಗೊಂಬೆಗಳ ಮೆರವಣಿಗೆ, ಹತ್ತು ನಿಮಿಷ ಮುಂಚೆ ನಿಂತಿರಬೇಕು. ಅಲ್ಲಿಂದ ಬಾಡ್ ಡೊಬೆರಾನ್‌ಗೆ ಹೋಗಿ ಮೊಲ್ಲಿ ಎಂಬ ಉಗಿಬಂಡಿ. 1886ರಿಂದ ಓಡುತ್ತಿದೆ, 900 ಮಿಲಿಮೀಟರ್ ಹಳಿ, ಪೇಟೆ ಬೀದಿಯ ನಡುವೆ ಅಂಗಡಿಗಳಿಗೆ ಒರಸಿಕೊಂಡಂತೆ ಗಂಟೆ ಹೊಡೆಯುತ್ತಾ ಹೋಗುತ್ತದೆ. ಇಡೀ ಪ್ರವಾಸದಲ್ಲಿ ದುಡ್ಡಿಗೆ ತಕ್ಕ ಮಜಾ ಅಂದರೆ ಇದೇ. ಇಲ್ಲಿ ಆದ ತಪ್ಪು: ಐದು ಜನರವರೆಗೆ ನಡೆಯುವ ಅಗ್ಗದ ದಿನದ ಟಿಕೆಟ್ ಕೊಂಡು ಎಂಟಕ್ಕೇ ಪ್ಲಾಟ್‌ಫಾರ್ಮ್‌ಗೆ ಹೋದೆವು. ಸೋಮವಾರದಿಂದ ಶುಕ್ರವಾರದವರೆಗೆ ಅದು ಬೆಳಿಗ್ಗೆ ಒಂಬತ್ತರ ನಂತರವೇ ಚಾಲ್ತಿ. ಒಂದು ಗಂಟೆ ಹೋಯಿತು. ಪ್ರಯಾಣಿಸುವವರ ಹೆಸರನ್ನೂ ಅದರ ಮೇಲೆ ಬರೆಯಬೇಕು.

ಟ್ಯಾಲಿನ್ ಅತಿ ಸುಲಭ. ಬಂದರಿನಿಂದ ಹಳೇ ಊರಿಗೆ ಹದಿನೈದು ಇಪ್ಪತ್ತು ನಿಮಿಷ ನಡಿಗೆ. ಮೊದಲು ತೂಂಪೆಯಾ ಗುಡ್ಡದ ಮೇಲಕ್ಕೆ ಹೋಗಿ, ಕೊಹ್ತುಒತ್ಸ ಕಟ್ಟೆಯಿಂದ ಕೆಂಪು ಹೆಂಚಿನ ಮಾಡುಗಳನ್ನು ಒಂಬತ್ತರೊಳಗೆ ನೋಡಿಬಿಡಿ. ಹತ್ತಕ್ಕೆ ಬಸ್ಸುಗಳು ಬಂದು ಬೀಳುತ್ತವೆ. ಆಮೇಲೆ ಇಳಿಯುತ್ತಾ ಟೌನ್ ಹಾಲ್ ಚೌಕ, ಅಲ್ಲಿ 1422ರಿಂದಲೂ ದಾಖಲೆಯಲ್ಲಿರುವ ಔಷಧಿ ಅಂಗಡಿ, ಕೊನೆಗೆ ಪಿಕ್ ಬೀದಿ ಹಿಡಿದು ದಪ್ಪ ಮಾರ್ಗರೆಟ್ ಗೋಪುರದ ಬಾಗಿಲು ದಾಟಿದರೆ ಎದುರಿಗೇ ಬಂದರು. ದಿನವಿಡೀ ಇಳಿಜಾರು. ಎಲ್ಲಾ ಗುಂಡುಕಲ್ಲು ಹಾಸಿದ ದಾರಿ, ತೆಳು ಅಟ್ಟೆಯ ಚಪ್ಪಲಿ ಹಾಕಿದವರ ಪಾದ ಸಂಜೆಗೆ ಬೆಂದಂತಾಗಿತ್ತು.

ಹೆಲ್ಸಿಂಕಿಯಲ್ಲಿ ನೀರು ದಾಟುವ ಜಾಗ ಮೊದಲು. ಸುವೊಮೆನ್‌ಲಿನ್ನಾ ಕೋಟೆದ್ವೀಪಕ್ಕೆ ಮಾರುಕಟ್ಟೆ ಚೌಕದಿಂದ ಫೆರಿ, ಹದಿನೈದು ಇಪ್ಪತ್ತು ನಿಮಿಷ, ಟ್ರಾಮ್ ಟಿಕೆಟ್ಟೇ ಸಾಕು. ಒಂಬತ್ತಕ್ಕೆ ಖಾಲಿ ಇತ್ತು, ನಾವು ಮರಳುವಾಗ ಈ ಕಡೆ ಇನ್ನೂರು ಜನರ ಸಾಲು. ನಾವು ಮೊದಲು ಬಿಡಿ ಟಿಕೆಟ್ ಕೊಂಡು ಕೆಟ್ಟೆವು, ಮೂರಕ್ಕಿಂತ ಹೆಚ್ಚು ಸಲ ಹತ್ತುವುದಾದರೆ ದಿನದ ಟಿಕೆಟ್ಟೇ ಅಗ್ಗ. ಬಂಡೆ ಕೊರೆದು 1969ರಲ್ಲಿ ಮುಗಿಸಿದ ತೆಂಪ್ಪೆಲಿಯಾವ್ಕಿಯೊ ಚರ್ಚಿಗೆ ಮಧ್ಯಾಹ್ನ ಹೋದರೆ ಬಸ್ ಗುಂಪುಗಳು ಊಟಕ್ಕೆ ಹೋಗಿರುತ್ತವೆ. ಮಾರುಕಟ್ಟೆಯಲ್ಲಿ ಹಸಿ ಬಟಾಣಿ, ಸ್ಟ್ರಾಬೆರಿಯನ್ನು ತೂಕದಲ್ಲಲ್ಲ, ಲೀಟರ್ ಅಳತೆಯಲ್ಲಿ ಮಾರುತ್ತಾರೆ, ನಮ್ಮ ಪಾವು ಸೇರಿನ ಹಾಗೆ ಡಬ್ಬಿಯಲ್ಲಿ ಸುರಿದು. ಬಟಾಣಿ ಬಿಡಿಸಿಕೊಂಡು ಹಸಿಯಾಗೇ ತಿನ್ನೋದು ಅಲ್ಲಿನ ರೂಢಿ. ಕೈಯಲ್ಲಿ ತಿಂಡಿ ಹಿಡಿದು ಬಯಲಲ್ಲಿ ನಿಲ್ಲಬೇಡಿ, ಕಡಲಹಕ್ಕಿ ಹಿಂದಿನಿಂದ ಬಂದು ಎಗರಿಸುತ್ತದೆ. ಕೊಡೆಯಂತಹ ಬಟ್ಟೆಯ ಚಾವಣಿ ಕೆಳಗೇ ತಿನ್ನಿ.

ಸ್ಟಾಕ್‌ಹೋಮ್ ಅಂತ ಟಿಕೆಟ್‌ನಲ್ಲಿದ್ದರೂ ಹಡಗು ನಿಂತದ್ದು ಸುಮಾರು 60 ಕಿಲೋಮೀಟರ್ ದೂರದ ನ್ಯೂನೆಸ್‌ಹಾಮ್ನ್‌ನಲ್ಲಿ. ಬುಕ್ ಮಾಡುವಾಗಲೇ ಬಂದರಿನ ಹೆಸರು ನೋಡಿಕೊಳ್ಳಿ. ಅಲ್ಲಿಂದ 43ನೇ ನಂಬರಿನ ಲೋಕಲ್ ರೈಲು, ಊರಿಗೆ ಸುಮಾರು ಒಂದು ಗಂಟೆ, ಅರ್ಧ ಗಂಟೆಗೊಂದು. ಗೇಟಿನಲ್ಲಿ ಕಾರ್ಡ್ ಮುಟ್ಟಿಸಿದರೆ ಸಾಕು, ಸುಮಾರು 40 ಕ್ರೋನ, ಆದರೆ ಒಬ್ಬರಿಗೆ ಒಂದು ಕಾರ್ಡ್. ಗಂಡಹೆಂಡತಿ ಇಬ್ಬರೂ ಒಂದೇ ಕಾರ್ಡ್ ತಂದಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಟಿಕೆಟ್ 75 ನಿಮಿಷ ಚಾಲ್ತಿ, ರೈಲು ಇಳಿದು ಹತ್ತು ನಿಮಿಷದೊಳಗೆ 7ನೇ ಟ್ರಾಮ್ ಹತ್ತಿದರೆ ಅದೇ ಟಿಕೆಟ್ ಸಾಕು. ಸ್ಟಾಕ್‌ಹೋಮ್ ಸಿಟಿ ನಿಲ್ದಾಣ ಪಾತಾಳದಲ್ಲಿದೆ, ಎಸ್ಕಲೇಟರ್‌ಗೇ ಐದು ನಿಮಿಷ ಎತ್ತಿಡಿ.

ನೇರ ವಾಸಾ ಮ್ಯೂಸಿಯಂಗೆ. 1628ರಲ್ಲಿ ಮೊದಲ ಯಾನದಲ್ಲೇ 1,300 ಮೀಟರ್ ಸಾಗಿ ಮುಳುಗಿದ ಯುದ್ಧನೌಕೆ, 1961ರಲ್ಲಿ ಎತ್ತಿದ್ದು. ಮೇಲ್ಭಾರ ಹೆಚ್ಚಾಗಿ ಗಾಳಿಗೆ ವಾಲಿತು, ತೆರೆದಿದ್ದ ತೋಪಿನ ಕಿಂಡಿಗಳಿಂದ ನೀರು ನುಗ್ಗಿತು. ಮರ ಕೆಡದಿರಲೆಂದು ಒಳಗೆ ತಂಪು ಇಟ್ಟಿರುತ್ತಾರೆ, ಸ್ವೆಟರ್ ಬೇಕು. ಅಲ್ಲಿಂದ ಯೂರ್ಗೋರ್ಡೆನ್ ಫೆರಿಯಲ್ಲಿ ಸ್ಲುಸೆನ್, ನಡೆದು ಹಳೇ ಊರಾದ ಗಾಮ್ಲಾ ಸ್ಟಾನ್, ಅಲ್ಲಿ 90 ಸೆಂಟಿಮೀಟರ್ ಅಗಲದ ಮಾರ್ಟೆನ್ ಟ್ರೋಟ್ಜಿಗ್ ಓಣಿ. ಗಾಮ್ಲಾ ಸ್ಟಾನ್‌ನಲ್ಲಿ 43ನೇ ರೈಲು ನಿಲ್ಲುವುದಿಲ್ಲ, ಮೆಟ್ರೊದಲ್ಲಿ ಒಂದು ನಿಲ್ದಾಣ ಹಿಂದೆ ಬರಬೇಕು. ಎರಡರ ರೈಲು ಹಿಡಿದೆವು. ಮೂರರದ್ದು ಸಿಕ್ಕಿದ್ದರೂ ನಾಲ್ಕೂವರೆಯೊಳಗೆ ಹಡಗಲ್ಲಿರುತ್ತಿದ್ದೆವು. ಮಧ್ಯಾಹ್ನ 130 ಕ್ರೋನಕ್ಕೆ ಹೊಟ್ಟೆತುಂಬ ಸಸ್ಯಾಹಾರ ಎಲ್ಲಿ ಸಿಕ್ಕಿತು ಅನ್ನೋದು ನಮ್ಮ ಎಂಟು ಜನರ ಮಧ್ಯೆಯೇ ಇರಲಿ.

ಗಡಿಯಾರದ ಎಚ್ಚರಿಕೆ. ಟ್ಯಾಲಿನ್, ಹೆಲ್ಸಿಂಕಿ ಸಮಯ ಉಳಿದ ಬಂದರುಗಳಿಗಿಂತ ಒಂದು ಗಂಟೆ ಮುಂದೆ. ಫೋನ್ ತಾನಾಗೇ ಬದಲಾಗುತ್ತದೆ, ಹಡಗು ಬದಲಿಸಬಹುದು, ಬಿಡಬಹುದು. ಎಲ್ಲರೂ ಸಾದಾ ಕೈಗಡಿಯಾರ ಕಟ್ಟಿ, ಹಡಗಿನ ಗಡಿಯಾರಕ್ಕೆ ಹೊಂದಿಸಿಕೊಂಡೆವು. ಸಮುದ್ರದಲ್ಲಿ ಫೋನ್ ಏರೋಪ್ಲೇನ್ ಮೋಡ್‌ನಲ್ಲೇ ಇರಲಿ, ಹಡಗಿನ ಮೊಬೈಲ್ ಜಾಲಕ್ಕೆ ಅಂಟಿಕೊಂಡರೆ ಬಿಲ್ಲು ಬೆಚ್ಚಿಬೀಳಿಸುತ್ತದೆ. ದಿನದ ಕಾರ್ಯಕ್ರಮದ ಹಾಳೆಯಲ್ಲಿರುವ ಬಂದರು ಏಜೆಂಟರ, ಅಂದರೆ ಆ ಊರಿನಲ್ಲಿ ಹಡಗಿನ ಪರವಾಗಿ ಇರುವವರ ನಂಬರಿಗೆ ಒಂದು ಫೋಟೊ ಹೊಡೆದಿಡಿ.

ಊಟ: ಹಿಂದಿನ ರಾತ್ರಿಯೇ ಹೆಡ್ ವೇಟರ್‌ಗೆ ಹೇಳಿದರೆ ಮರುದಿನ ದಾಲ್, ಪಲ್ಯ, ರೊಟ್ಟಿ ಮಾಡಿಸುತ್ತಾರೆ. ಅಡುಗೆಮನೆಯಲ್ಲಿ ನಮ್ಮ ದೇಶದವರೇ ಇದ್ದರು. ಕೆಟಲ್ ಒಯ್ಯಬೇಡಿ, ಹತ್ತುವಾಗಲೇ ಕಸಿದು ಕೊನೇ ದಿನ ಕೊಡುತ್ತಾರೆ. ನಾವು ಮಾಡಿದ ಪ್ರಯೋಗ: ರೆಡಿ ಗೊಜ್ಜವಲಕ್ಕಿ, ಬಫೆಯ ಚಹಾ ಯಂತ್ರದ ಬಿಸಿನೀರು, ಸ್ಟೀಲ್ ಫ್ಲಾಸ್ಕ್. ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಅರಳುತ್ತದೆ. ಅದೇ ವಿಧಾನದಲ್ಲಿ ರವೆ ಉಪ್ಪಿಟ್ಟು ಮಾಡಹೋಗಿ ಅಂಟು ಆಯಿತು.

ಲೆಕ್ಕ, ನೆನಪಿನಿಂದ, ತಲೆಗೆ: ವಿಮಾನ 68 ಸಾವಿರ, ಕ್ಯಾಬಿನ್ 78, ಹಡಗಿನ ಟಿಪ್ಸ್ 10, ವೀಸಾ ವಿಮೆ 12, ಕೋಪನ್‌ಹೇಗನ್ ಹೋಟೆಲ್ ಪಾಲು 20, ಬಂದರುಗಳಲ್ಲಿ ರೈಲು, ಟಿಕೆಟ್, ತಿಂಡಿ ಎಲ್ಲ ಸೇರಿ 11. ಎರಡು ಲಕ್ಷದೊಳಗೇ. ನಾಲ್ಕು ಬಂದರಿಗೆ ಹಡಗಿನ ಟೂರ್ ಕೊಂಡಿದ್ದರೆ ಅದಕ್ಕೇ 38 ಸಾವಿರ ಆಗುತ್ತಿತ್ತು. ಟಿಪ್ಸ್ ದಿನಕ್ಕಿಷ್ಟು ಅಂತ ತಾನಾಗೇ ಬಿಲ್ಲಿಗೆ ಸೇರುತ್ತದೆ, ಬುಕ್ ಮಾಡುವಾಗ ಕಾಣುವ ದರದಲ್ಲಿ ಇರುವುದಿಲ್ಲ.

ಕೊನೆಯ ರಾತ್ರಿ ಸೂಟ್‌ಕೇಸ್ ಬಾಗಿಲ ಹೊರಗಿಡಲು ಹೇಳುತ್ತಾರೆ. ಇಡಬೇಡಿ, ಸ್ವತಃ ಎಳೆದುಕೊಂಡು ಇಳಿಯುವವರನ್ನು ಮೊದಲು ಬಿಡುತ್ತಾರೆ. ಇಡುವುದೇ ಆದರೆ ಬೆಳಿಗ್ಗೆ ಹಾಕುವ ಪ್ಯಾಂಟು, ಶೂ ತೆಗೆದಿಟ್ಟುಕೊಳ್ಳಿ. ನಮ್ಮಲ್ಲೊಬ್ಬರು ಲುಂಗಿಯಲ್ಲೇ ಕೋಪನ್‌ಹೇಗನ್‌ಗೆ ಇಳಿದರು.