ಧಾರೆಗೆ ಮೊದಲು ಮೈ ಹದ ಮಾಡಿಕೊಳ್ಳುವುದು ಹೇಗೆ?

ತುಳುವರ ಆಟಿ ತಿಂಗಳಲ್ಲಿ ನಮ್ಮ ಕರಾವಳಿ ಕಡೆ ಮದುವೆ ಮಾಡುವುದಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಹಾಲ್‌ಗಳಿಗೂ ಬಿಡುವು. ನವೆಂಬರ್, ಡಿಸೆಂಬರಿನಲ್ಲಿ ಧಾರೆ ಇರುವವರಿಗೆ ಮೈ ಹದ ಮಾಡಿಕೊಳ್ಳಲು ಇದೇ ಸರಿಯಾದ ಹೊತ್ತು. ಆದರೆ ಹೆಚ್ಚಿನವರಿಗೆ ಎಚ್ಚರಾಗುವುದು ಟೈಲರ್ ಬ್ಲೌಸಿಗೆ ಅಳತೆ ತೆಗೆಯುವ ದಿನ!

ಮೊದಲು ಗುರಿ ಸರಿ ಮಾಡಿಕೊಳ್ಳಿ

ಮದುವೆ ದಿನ ಏನೇನು ಮಾಡಲಿಕ್ಕಿದೆ, ಸ್ವಲ್ಪ ಯೋಚಿಸಿ. ನಸುಕಿಗೇ ಎದ್ದು ಮೇಕಪ್‌ಗೆ ಕೂರಬೇಕು. ಹೋಮದ ಹೊಗೆ ಮುಂದೆ ಚಕ್ಕಳಮಕ್ಕಳ ಹಾಕಬೇಕು. ಹಿರಿಯರು ಬಂದಾಗಲೆಲ್ಲ ಬಗ್ಗಿ ಕಾಲು ಮುಟ್ಟಬೇಕು. ಆಮೇಲೆ ಸ್ಟೇಜಿನಲ್ಲಿ ಗಂಟೆಗಟ್ಟಲೆ ನಿಂತು ನಗಬೇಕು. ಜರಿ ಸೀರೆಯ ಭಾರ, ಮೇಲಿಂದ ಕರಾವಳಿಯ ಸೆಖೆ. ಸೊಂಟ ಸಪೂರ ಆದರೆ ಸಂತೋಷವೇ, ಆದರೆ ಆ ದಿನ ಕೈಹಿಡಿಯುವುದು ಗಟ್ಟಿ ಕಾಲು, ಗಟ್ಟಿ ಬೆನ್ನು. ಮದುಮಗನಿಗೂ ಇದೇ ಮಾತು.

ತೂಕ ಇಳಿಸಲೇಬೇಕು ಎಂದಿದ್ದರೆ ವಾರಕ್ಕೆ ಅರ್ಧ ಕಿಲೋ ಸಾಕು, ಒಂದು ಕಿಲೋ ದಾಟುವುದು ಬೇಡ. ಅಂದರೆ ಮೂರು ತಿಂಗಳಿಗೆ ಐದಾರು ಕಿಲೋ. ಶುರು ಮಾಡುವ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಒಮ್ಮೆ ನೋಡಿಸಿಕೊಳ್ಳಿ. ಥೈರಾಯ್ಡ್ ಕಡಿಮೆ ಇದ್ದರೆ ಬರೀ ಡಯಟ್ ಮಾಡಿ ಸುಸ್ತಾಗುವುದೇ ಬಂತು.

ಬರೀ ಜ್ಯೂಸ್ ಕುಡಿದು ಹದಿನೈದು ದಿನದಲ್ಲಿ ಇಳಿಸುತ್ತೇನೆ ಎಂದು ಹೊರಡುವವರಿಗೆ ಒಂದು ಮಾತು. ಹೊಟ್ಟೆಗೆ ಹಾಕದೆ ಗಡಿಬಿಡಿಯಲ್ಲಿ ತೂಕ ಇಳಿಸಿದರೆ ಎರಡು ಮೂರು ತಿಂಗಳ ನಂತರ ಕೂದಲು ಉದುರಲು ಶುರುವಾಗಬಹುದು. ಆಗಸ್ಟಿನಲ್ಲಿ ಉಪವಾಸ ಮಾಡಿದ್ದಕ್ಕೆ ನವೆಂಬರಿನಲ್ಲಿ ಜಡೆ ತೆಳ್ಳಗೆ. ಯಾರಿಗೆ ಬೇಕು ಅದು?

ಊಟ: ಗಂಜಿ ಬಿಡಬೇಡಿ

ಕುಚ್ಚಲಕ್ಕಿ ಅನ್ನವನ್ನೋ ಗಂಜಿಯನ್ನೋ ಬಿಟ್ಟು ಓಟ್ಸ್ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಟ್ಟಲಿನ ಲೆಕ್ಕ ಬದಲಿಸಿದರೆ ಸಾಕು. ಅರ್ಧ ಬಟ್ಟಲು ತರಕಾರಿ: ಹರಿವೆ, ತೊಂಡೆಕಾಯಿ, ಬಸಳೆ, ಯಾವುದಾದರೂ ಸರಿ. ಕಾಲು ಭಾಗ ಅನ್ನ. ಉಳಿದ ಕಾಲು ಭಾಗ ಮೀನು, ಮೊಟ್ಟೆ ಅಥವಾ ಕಾಳು. ತೆಂಗಿನಕಾಯಿ ಹಾಕಿ, ಆದರೆ ಪಲ್ಯಕ್ಕೂ ಸಾಂಬಾರಿಗೂ ಎರಡಕ್ಕೂ ಧಾರಾಳ ಬೇಡ.

ಪ್ರೋಟೀನ್ ಸಾಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. 60 ಕಿಲೋ ತೂಕದವರಿಗೆ ದಿನಕ್ಕೆ 60ರಿಂದ 70 ಗ್ರಾಂ ಗುರಿ ಇರಲಿ. 100 ಗ್ರಾಂ ಬಂಗುಡೆ ಮೀನಿನಲ್ಲಿ ಸುಮಾರು 20 ಗ್ರಾಂ ಸಿಗುತ್ತದೆ. ರವೆ ಹಾಕಿ ಕರಿದರೆ ಎಣ್ಣೆಯೂ ಜೊತೆಗೆ ಬರುತ್ತದೆ, ಹುಳಿ, ಮೆಣಸು ಹಾಕಿದ ಪುಳಿಮುಂಚಿ ಸಾರು ಮಾಡಿ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ತಾಜಾ ಮೀನಿಗೆ ಪರದಾಟ. ಆಗ ಮೊಟ್ಟೆ ಇದೆ, ಹುರುಳಿ ಇದೆ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಬರೀ ಸಾರಿನ ತಿಳಿ ಕುಡಿದು ಕಾಳು ತಳದಲ್ಲಿ ಬಿಟ್ಟರೆ ಏನೂ ಸಿಗುವುದಿಲ್ಲ, ಕಾಳನ್ನೂ ತಿನ್ನಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಬೇಕು.

ನಿಜವಾದ ಕಳ್ಳ ಸಂಜೆ ಚಾ ಹೊತ್ತಿಗೆ ಬರುತ್ತಾನೆ. ಎಣ್ಣೆಯಲ್ಲಿ ಕರಿದ ಗೋಳಿಬಜೆ, ಬನ್ಸ್, ಎರಡು ಚಮಚ ಸಕ್ಕರೆಯ ಚಾ. ವಾರಕ್ಕೊಮ್ಮೆ ಸಾಕು ಎಂದು ಗಟ್ಟಿ ಮಾಡಿಕೊಳ್ಳಿ. ಗಡ್‌ಬಡ್ ಐಸ್‌ಕ್ರೀಂ ತಿನ್ನಲೇಬೇಕೆಂದರೆ ಇಬ್ಬರಿಗೆ ಒಂದು ಗ್ಲಾಸ್.

ಇನ್ನು ನೆಂಟರ ಮನೆ. ‘ಮದುವೆಗೆ ಮೊದಲು ಒಮ್ಮೆ ಊಟಕ್ಕೆ ಬಾ ಮಗಾ’ ಎಂದು ದೊಡ್ಡಮ್ಮ ಕರೆದರೆ ಇಲ್ಲ ಎನ್ನಲಾಗುತ್ತದಾ? ಹೋಗಿ. ಕೋರಿ ರೊಟ್ಟಿ ಇದ್ದರೆ ಕೋಳಿ ತುಂಡು ಜಾಸ್ತಿ, ರೊಟ್ಟಿ ಮತ್ತು ಗಸಿ (ತೆಂಗಿನಕಾಯಿಯ ಗ್ರೇವಿ) ಕಡಿಮೆ ಹಾಕಿಸಿಕೊಳ್ಳಿ. ಬಡಿಸುವವರ ಕೈ ತಡೆಯುವುದಕ್ಕಿಂತ ನಿಧಾನವಾಗಿ ತಿನ್ನುವುದು ಸುಲಭ. ಬಟ್ಟಲು ಖಾಲಿ ಕಂಡರೆ ತಾನೇ ಮತ್ತೆ ಬಡಿಸುವುದು!

ವ್ಯಾಯಾಮ: ಮೊದಲು ನಡಿಗೆ, ಆಮೇಲೆ ಬಸ್ಕಿ

ಮೊದಲ ಎರಡು ವಾರ ಬರೀ ನಡೆಯಿರಿ. ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ. ಮಂಗಳೂರಿನವರಿಗೆ ಕದ್ರಿ ಪಾರ್ಕ್, ಉಡುಪಿಯವರಿಗೆ ಅಜ್ಜರಕಾಡು ಇದೆ. ಮಳೆ ಬಿಡದಿದ್ದರೆ ಮನೆಯ ಮೆಟ್ಟಿಲೇ ಹತ್ತಿ ಇಳಿಯಿರಿ. ಆಟಿಯ ಕಡಲು ಒರಟು, ಮಲ್ಪೆ, ಪಣಂಬೂರಿನಲ್ಲಿ ನೀರಿನ ಹತ್ತಿರ ಹೋಗುವುದು ಬೇಡ.

ಮೂರನೇ ವಾರದಿಂದ ದಿನ ಬಿಟ್ಟು ದಿನ ಬಸ್ಕಿ ಸೇರಿಸಿ, ಹತ್ತರಂತೆ ಮೂರು ಸಲ. ಮಂಡಿ ನೋಯುವವರು ಕುರ್ಚಿಯಲ್ಲಿ ಕೂತು ಏಳಲಿ. ಗೋಡೆಗೆ ಕೈ ಕೊಟ್ಟು ದಂಡ ಹೊಡೆಯಿರಿ. ಹಿಮ್ಮಡಿ ಎತ್ತಿ ಇಳಿಸುವುದನ್ನು ಹಲ್ಲುಜ್ಜುವಾಗಲೂ ಮಾಡಬಹುದು. ಹೆಂಗಸರು ಭಾರ ಎತ್ತಿದರೆ ಗಂಡಸರ ಹಾಗೆ ಕಾಣುತ್ತಾರೆ ಎಂಬುದು ಸುಮ್ನೆ ಹೆದರಿಕೆ.

ಬೆವರು ಜಾಸ್ತಿ ಬಂದರೆ ಕೊಬ್ಬು ಕರಗಿತು ಎಂದಲ್ಲ. ನಮ್ಮ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡಿದರೆ ಹೋಗುವುದು ನೀರು ಮಾತ್ರ, ಕುಡಿದ ಕೂಡಲೇ ತೂಕ ವಾಪಸ್. ಮಜ್ಜಿಗೆ, ಬೊಂಡ (ಎಳನೀರು), ಸಕ್ಕರೆ ಹಾಕದ ಪುನರ್ಪುಳಿ (ಕೋಕಂ) ನೀರು ಕುಡಿಯಿರಿ.

ಕೊನೆಯ ತಿಂಗಳು ರಿಹರ್ಸಲ್ ಶುರು ಮಾಡಿ. ಚಕ್ಕಳಮಕ್ಕಳ ಹಾಕಿ 20 ನಿಮಿಷ ಕೂತು, ಕೈ ಊರದೆ ಏಳಿ. ಮದುವೆಗೆ ತಂದ ಚಪ್ಪಲಿ ಹಾಕಿ ಮನೆಯಲ್ಲೇ ಒಂದು ಗಂಟೆ ಓಡಾಡಿ. ಕಚ್ಚುವ ಚಪ್ಪಲಿಯನ್ನು ಆಗಲೇ ಬದಲಿಸಬಹುದು.

ಕೊನೆಯ ಹತ್ತು ದಿನ

ಇನ್ನು ತೂಕ ಇಳಿಸುವ ಮಾತು ಬೇಡ. ಬ್ಲೌಸ್ ಒಳಗೆ ಬಟ್ಟೆ ಬಿಟ್ಟು ಹೊಲಿಯಲು ಟೈಲರ್‌ಗೆ ಮೊದಲೇ ಹೇಳಿದ್ದರೆ ಈಗ ಬಿಚ್ಚಿ ಸರಿ ಮಾಡಿಸಬಹುದು. ಮೆಹಂದಿ ರಾತ್ರಿ ಡಿಜೆ ಎಷ್ಟೇ ಜೋರಿದ್ದರೂ ಮದುಮಕ್ಕಳು ಬೇಗ ಮಲಗಬೇಕು. ಮದುವೆ ಬೆಳಗ್ಗೆ ವ್ರತ ಇಲ್ಲದಿದ್ದರೆ ಮೇಕಪ್‌ಗೆ ಮೊದಲೇ ಎರಡು ಇಡ್ಲಿ, ಒಂದು ಬಾಳೆಹಣ್ಣು ತಿನ್ನಿ. ನೀರು ಕೊಡುವ ಕೆಲಸವನ್ನು ತಂಗಿಗೋ ಗೆಳತಿಗೋ ವಹಿಸಿ, ಲಿಪ್‌ಸ್ಟಿಕ್ ಹಾಳಾಗದ ಹಾಗೆ ಅವಳ ಬ್ಯಾಗಿನಲ್ಲಿ ಎರಡು ಸ್ಟ್ರಾ ಇರಲಿ.